ಗೆರೆ ಎಳೆಯುವ ಪೆನ್ಸಿಲ್ ಯಾರ ಕೈಯಲ್ಲಿ?

2024ರ ಅಕ್ಟೋಬರ್. ಅಮೆರಿಕದ ಒಹಾಯೊ ರಾಜ್ಯದಲ್ಲಿ ಎಲೆ ಉದುರುವ ಕಾಲ. ಮನೆಗಳ ಮುಂದಿನ ಹುಲ್ಲಿನ ಮೇಲೆ ಕೆಂಪು, ಹಳದಿ ಎಲೆಗಳ ನಡುವೆ ಚುನಾವಣೆಯ ಪುಟ್ಟ ಫಲಕಗಳು ನಿಂತಿದ್ದವು. ಒಂದು ಮನೆಯ ಫಲಕ ‘ಜೆರಿಮ್ಯಾಂಡರಿಂಗ್ ನಿಲ್ಲಿಸಿ, ಇಶ್ಯೂ 1ಕ್ಕೆ ಹೌದು ಎನ್ನಿ’ ಎನ್ನುತ್ತಿತ್ತು. ನಾಲ್ಕು ಹೆಜ್ಜೆ ಆಚೆಯ ಮನೆಯ ಫಲಕ ‘ಜೆರಿಮ್ಯಾಂಡರಿಂಗ್ ನಿಲ್ಲಿಸಿ, ಇಶ್ಯೂ 1ಕ್ಕೆ ಬೇಡ ಎನ್ನಿ’ ಎನ್ನುತ್ತಿತ್ತು. ರೋಗದ ಹೆಸರು ಒಂದೇ, ಮದ್ದು ಮಾತ್ರ ತದ್ವಿರುದ್ಧ.

ನವೆಂಬರ್ 5ರಂದು ಮತಗಟ್ಟೆಗೆ ಹೋದವರ ಕೈಗೆ ಬಂದದ್ದು ಉದ್ದನೆಯ ಮತಪತ್ರ. ಅಧ್ಯಕ್ಷರು, ಸೆನೆಟರ್, ನ್ಯಾಯಾಧೀಶರು, ಕೌಂಟಿಯ ಅಧಿಕಾರಿಗಳು ಎಲ್ಲ ಮುಗಿದ ಮೇಲೆ, ಸಣ್ಣ ಅಕ್ಷರದಲ್ಲಿ ದಟ್ಟವಾಗಿ ಅಚ್ಚಾದ ಒಂದು ಸಂವಿಧಾನ ತಿದ್ದುಪಡಿ, ಅದೇ ಇಶ್ಯೂ 1. ಅದರ ಕೆಳಗೆ ಎರಡೇ ಆಯ್ಕೆ: ಹೌದು, ಅಥವಾ ಇಲ್ಲ. ಅಭ್ಯರ್ಥಿಯ ಹೆಸರಿಲ್ಲ, ಪಕ್ಷದ ಹೆಸರಿಲ್ಲ. ಹಿಂದೆ ಸರತಿಯಲ್ಲಿ ಜನ ಕಾಯುತ್ತಿದ್ದಾರೆ. ಓದಿ, ಅರ್ಥ ಮಾಡಿಕೊಂಡು, ಗುರುತು ಹಾಕಬೇಕು.

ಮತಕ್ಷೇತ್ರಗಳ ಗಡಿಯನ್ನು ಯಾರು ಎಳೆಯಬೇಕು ಎಂಬುದು ಆ ತಿದ್ದುಪಡಿಯ ಪ್ರಶ್ನೆಯಾಗಿತ್ತು. ಕೇಳುವುದಕ್ಕೆ ಇದು ಭೂಮಾಪನ ಇಲಾಖೆಯ ಕೆಲಸದಂತಿದೆ. ಆದರೆ ಮುಂದಿನ ಹಲವು ವರ್ಷ ಯಾರ ಮತಕ್ಕೆ ಬೆಲೆ, ಯಾರ ಮತ ವ್ಯರ್ಥ ಎಂಬುದು ಆ ಗೆರೆಗಳಲ್ಲೇ ನಿಶ್ಚಯವಾಗುತ್ತದೆ.

ಹದಿನೈದು ಮನೆಯ ಲೆಕ್ಕ

ಹದಿನೈದು ಮನೆಗಳ ಒಂದು ಪುಟ್ಟ ಊರನ್ನು ಊಹಿಸಿಕೊಳ್ಳಿ. ಒಂಬತ್ತು ಮನೆಗಳು ಮಾವಿನ ಗುರುತಿಗೆ, ಆರು ಮನೆಗಳು ಹಲಸಿನ ಗುರುತಿಗೆ ಮತ ಹಾಕುತ್ತವೆ. ಊರಿಗೆ ಮೂವರು ಸದಸ್ಯರು, ಐದು ಮನೆಗೊಂದು ಕ್ಷೇತ್ರ.

ಪ್ರತಿ ಕ್ಷೇತ್ರದಲ್ಲೂ ಮೂರು ಮಾವು, ಎರಡು ಹಲಸು ಬರುವಂತೆ ಗೆರೆ ಎಳೆದರೆ ಮೂರೂ ಸ್ಥಾನ ಮಾವಿನ ಪಾಲು. ಹಲಸಿನ ಆರು ಮನೆಗಳಿಗೆ ಏನೂ ಇಲ್ಲ. ಈಗ ಮಾವಿನ ಐದು ಮನೆಗಳನ್ನು ಒಂದೇ ಕ್ಷೇತ್ರಕ್ಕೆ ತುಂಬಿ, ಉಳಿದ ಎರಡರಲ್ಲಿ ತಲಾ ಮೂರು ಹಲಸು, ಎರಡು ಮಾವು ಬರುವಂತೆ ಮಾಡಿ. ಹಲಸು ಎರಡು ಸ್ಥಾನ ಗೆದ್ದು ಊರನ್ನು ಆಳುತ್ತದೆ. ಒಂದು ಮನೆಯೂ ಮನಸ್ಸು ಬದಲಿಸಿಲ್ಲ, ಒಂದು ಮತವೂ ಕಳ್ಳತನವಾಗಿಲ್ಲ. ಬದಲಾದದ್ದು ಗೆರೆ ಮಾತ್ರ.

ಎದುರಾಳಿಯ ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ತುರುಕುವುದು, ಉಳಿದವರನ್ನು ಎಲ್ಲಿಯೂ ಗೆಲ್ಲದಷ್ಟು ತೆಳುವಾಗಿ ಚದುರಿಸುವುದು: ಇಡೀ ವಿದ್ಯೆ ಇಷ್ಟೇ. ಮಸಾಚುಸೆಟ್ಸ್‌ನ ಗವರ್ನರ್ ಎಲ್‌ಬ್ರಿಡ್ಜ್ ಗೆರಿ 1812ರಲ್ಲಿ ಇಂಥದೊಂದು ನಕ್ಷೆಗೆ ಸಹಿ ಹಾಕಿದರು. ಅದರಲ್ಲಿ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ, ಹಲ್ಲಿಯನ್ನು ಹೋಲುವ ಪ್ರಾಣಿಯ ಹಾಗೆ ಸುತ್ತಿ ಬಳಸಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ‘ಗೆರಿಮ್ಯಾಂಡರ್’ ಎಂದು ಹೆಸರಿಟ್ಟಿತು; ಜೆರಿಮ್ಯಾಂಡರಿಂಗ್ ಎಂಬ ಮಾತು ಬಂದದ್ದು ಅದರಿಂದಲೇ. ಇನ್ನೂರು ವರ್ಷ ದಾಟಿದರೂ ಆ ಹೆಸರು ಗೆರಿಯವರನ್ನು ಬಿಟ್ಟಿಲ್ಲ.

ಹೋಟೆಲ್ ಕೊಠಡಿಯ ನಕ್ಷೆ

ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದೊಡನೆ ಸಂಸತ್ತಿನ ಕೆಳಮನೆಯ ಸ್ಥಾನಗಳು ರಾಜ್ಯಗಳಿಗೆ ಹಂಚಿಕೆಯಾಗುತ್ತವೆ. ರಾಜ್ಯದೊಳಗೆ ಆ ಕ್ಷೇತ್ರಗಳ ಗಡಿ ಎಳೆಯುವ ಕೆಲಸ ಹೆಚ್ಚಿನ ಕಡೆ ಆ ರಾಜ್ಯದ ಶಾಸನಸಭೆಯದು. ಎಂದರೆ, ಗೆದ್ದವರೇ ಮುಂದಿನ ಪಂದ್ಯದ ಅಂಕಣವನ್ನೂ ಅಳೆಯುತ್ತಾರೆ.

2011ರಲ್ಲಿ ಒಹಾಯೊದ ರಿಪಬ್ಲಿಕನ್ ಪಕ್ಷದ ಸಿಬ್ಬಂದಿ ರಾಜಧಾನಿ ಕೊಲಂಬಸ್‌ನ ಹೋಟೆಲೊಂದರಲ್ಲಿ ಕೊಠಡಿ ಬಾಡಿಗೆಗೆ ಹಿಡಿದು, ತಿಂಗಳುಗಟ್ಟಲೆ ಕೂತು ನಕ್ಷೆ ಮಾಡಿದರು. ತಮ್ಮೊಳಗೆ ಅವರು ಆ ಕೊಠಡಿಯನ್ನು ‘ಬಂಕರ್’ ಎಂದು ಕರೆಯುತ್ತಿದ್ದರು. ಅಲ್ಲಿಂದ ಹೊರಬಂದ ನಕ್ಷೆಯ 9ನೇ ಕ್ಷೇತ್ರ ಟೊಲೀಡೊದಿಂದ ಕ್ಲೀವ್‌ಲೆಂಡ್‌ವರೆಗೆ ಈರಿ ಸರೋವರದ ದಂಡೆಗೆ ಅಂಟಿಕೊಂಡು ಹರಿದಿತ್ತು. ಒಂದೆಡೆ ಅದರ ಅಗಲ ಸೇತುವೆಯೊಂದರ ಅಗಲದಷ್ಟೇ. ಜನ ಅದನ್ನು ‘ಸರೋವರದ ಹಾವು’ ಎಂದರು. ಈ ಒಂದೇ ಗೆರೆಯಿಂದ ಇಬ್ಬರು ಹಳೆಯ ಡೆಮಾಕ್ರಟಿಕ್ ಸಂಸದರು, ಮಾರ್ಸಿ ಕ್ಯಾಪ್ಟರ್ ಮತ್ತು ಡೆನಿಸ್ ಕುಸಿನಿಚ್, 2012ರಲ್ಲಿ ಒಬ್ಬರ ವಿರುದ್ಧ ಒಬ್ಬರು ನಿಲ್ಲಬೇಕಾಯಿತು. ಕ್ಯಾಪ್ಟರ್ ಉಳಿದರು, ಕುಸಿನಿಚ್ ಸೋತರು.

ಅದೇ 2012ರಲ್ಲಿ ಒಬಾಮ ಒಹಾಯೊವನ್ನು ಗೆದ್ದರು. ಆದರೆ ರಾಜ್ಯದ 16 ಸಂಸತ್ ಸ್ಥಾನಗಳಲ್ಲಿ 12 ರಿಪಬ್ಲಿಕನ್ನರ ಪಾಲಾದವು. 2014ರಲ್ಲಿ 12–4. 2016ರಲ್ಲಿ 12–4. 2018ರಲ್ಲೂ 2020ರಲ್ಲೂ ಅದೇ 12–4. ಗಾಳಿ ಯಾವ ಕಡೆ ಬೀಸಿದರೂ ಅಲುಗದ ಫಲಿತಾಂಶ ಅದು. ಮತದಾರರ ಮನಸ್ಸು ಹತ್ತು ವರ್ಷ ಕಲ್ಲಾಗಿರುವುದಿಲ್ಲ.

ದೂಷಿಸಲು ಒಂದೇ ಪಕ್ಷವನ್ನು ಹುಡುಕಬೇಕಿಲ್ಲ. ಇಲಿನಾಯ್, ಮೇರಿಲ್ಯಾಂಡ್‌ಗಳಲ್ಲಿ ಪೆನ್ಸಿಲ್ ಡೆಮಾಕ್ರಟರ ಕೈಯಲ್ಲಿದ್ದಾಗ ಅವರೂ ಇದನ್ನೇ ಮಾಡಿದ್ದಾರೆ. 2019ರಲ್ಲಿ ನಾರ್ತ್ ಕ್ಯಾರೊಲಿನಾ ಮತ್ತು ಮೇರಿಲ್ಯಾಂಡ್‌ನ ಪ್ರಕರಣಗಳು ಒಟ್ಟಿಗೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದವು. ಪಕ್ಷದ ಲಾಭಕ್ಕೆ ಎಳೆದ ಗೆರೆಗಳ ತಂಟೆ ಕೇಂದ್ರದ ನ್ಯಾಯಾಲಯಗಳ ವ್ಯಾಪ್ತಿಗೆ ಬರುವುದಿಲ್ಲ ಎಂದು ಐದು–ನಾಲ್ಕರ ಬಹುಮತದಲ್ಲಿ ತೀರ್ಪಾಯಿತು. ಆ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ರಾಜ್ಯಗಳ ನ್ಯಾಯಾಲಯ, ರಾಜ್ಯಗಳ ಸಂವಿಧಾನ ಮತ್ತು ಆ ಸಂವಿಧಾನವನ್ನು ತಿದ್ದಬಲ್ಲ ಮತಪತ್ರ.

ಎರಡು ಸಲ ‘ಹೌದು’ ಎಂದ ಮೇಲೆ

ಒಹಾಯೊದ ಜನ ಸುಮ್ಮನೆ ಕೂತಿರಲಿಲ್ಲ. 2015ರಲ್ಲಿ ರಾಜ್ಯದ ಶಾಸನಸಭಾ ಕ್ಷೇತ್ರಗಳಿಗಾಗಿ, 2018ರಲ್ಲಿ ಸಂಸತ್ ಕ್ಷೇತ್ರಗಳಿಗಾಗಿ ಎರಡು ಸುಧಾರಣಾ ತಿದ್ದುಪಡಿಗಳು ಮತಕ್ಕೆ ಬಂದವು. ಎರಡಕ್ಕೂ ಶೇ 70ಕ್ಕಿಂತ ಹೆಚ್ಚು ಮಂದಿ ‘ಹೌದು’ ಎಂದರು. ಪಕ್ಷಭೇದವಿಲ್ಲದೆ ಜನ ಒಪ್ಪಿದ ಮಾತು ಅದು.

ಆದರೆ ಈ ಸುಧಾರಣೆಗಳು ಪೆನ್ಸಿಲನ್ನು ಕೈಯಿಂದ ಕೈಗೆ ದಾಟಿಸಲಿಲ್ಲ. ನಕ್ಷೆ ಎಳೆಯಲು ಅವು ರಚಿಸಿದ ಹೊಸ ಆಯೋಗದ ಏಳು ಸದಸ್ಯರು ಗವರ್ನರ್, ರಾಜ್ಯದ ಲೆಕ್ಕಪರಿಶೋಧಕ, ಚುನಾವಣೆ ನಡೆಸುವ ಸೆಕ್ರೆಟರಿ ಆಫ್ ಸ್ಟೇಟ್ ಮತ್ತು ಶಾಸನಸಭೆಯ ನಾಯಕರು ನೇಮಿಸುವ ನಾಲ್ವರು. ಏಳೂ ಮಂದಿ ರಾಜಕಾರಣಿಗಳೇ ಆಗಬಹುದಿತ್ತು, ಹಾಗೆಯೇ ಆಯಿತು. ಎರಡೂ ಪಕ್ಷ ಒಪ್ಪದ ನಕ್ಷೆಗೆ ಶಿಕ್ಷೆಯೆಂದರೆ ಅದರ ಆಯಸ್ಸು ಹತ್ತು ವರ್ಷದ ಬದಲು ನಾಲ್ಕೇ ವರ್ಷ. ಬಹುಮತದ ಪಕ್ಷಕ್ಕೆ ಈ ಶಿಕ್ಷೆ ಭಾರವೆನಿಸಲಿಲ್ಲ.

2022ರ ಮೊದಲ ಏಳು ತಿಂಗಳುಗಳು ಒಹಾಯೊದ ಸಂವಿಧಾನದ ಇತಿಹಾಸದಲ್ಲಿ ವಿಚಿತ್ರ ಅಧ್ಯಾಯ. ಆಯೋಗ ಮತ್ತು ಶಾಸನಸಭೆ ಕಳಿಸಿದ ನಕ್ಷೆಗಳನ್ನು ರಾಜ್ಯದ ಸುಪ್ರೀಂ ಕೋರ್ಟು ಮತ್ತೆ ಮತ್ತೆ ತಿರಸ್ಕರಿಸಿತು. ಶಾಸನಸಭಾ ನಕ್ಷೆ ಐದು ಸಲ, ಸಂಸತ್ ನಕ್ಷೆ ಎರಡು ಸಲ. ಮುಖ್ಯ ನ್ಯಾಯಮೂರ್ತಿ ಮೌರೀನ್ ಓಕಾನರ್ ಸ್ವತಃ ರಿಪಬ್ಲಿಕನ್. ಆದರೂ ಅವರು ಮೂವರು ಡೆಮಾಕ್ರಟಿಕ್ ನ್ಯಾಯಮೂರ್ತಿಗಳ ಜೊತೆ ನಿಂತರು. ಏಳು ಸಲ ‘ಸಂವಿಧಾನಬಾಹಿರ’ ಎನಿಸಿಕೊಂಡರೂ ಗೆರೆಗಳು ಸರಿಹೋಗಲಿಲ್ಲ. ದಿನಗಳು ಉರುಳಿದವು, ಕಡೆಗೆ ತಿರಸ್ಕೃತ ನಕ್ಷೆಗಳಲ್ಲೇ ಚುನಾವಣೆ ನಡೆಯಿತು. ನ್ಯಾಯಾಲಯ ನಕ್ಷೆಯನ್ನು ರದ್ದು ಮಾಡಬಹುದಿತ್ತು, ತಾನೇ ಬರೆಯುವಂತಿರಲಿಲ್ಲ. ಇಡೀ ಸುಧಾರಣೆ ಎಡವಿದ್ದು ಈ ಒಂದು ಸಾಲಿನಲ್ಲಿ.

ಹಾಗೆಂದು ಆ ಸುಧಾರಣೆಗಳು ಪೂರ್ತಿ ನಿಷ್ಫಲವಾದವು ಎನ್ನುವುದೂ ಸರಿಯಲ್ಲ. 2011ರ ನಕ್ಷೆ ಸಿನ್ಸಿನಾಟಿ ನಗರವನ್ನು ಎರಡು ಕ್ಷೇತ್ರಗಳಿಗೆ ಸೀಳಿತ್ತು. 2018ರ ನಿಯಮ ಅಂಥ ನಗರವನ್ನು ಒಡೆಯಬಾರದು ಎಂದಿತು. ನಗರ ಒಂದಾಯಿತು. 2022ರಲ್ಲಿ ಅಲ್ಲಿ ಡೆಮಾಕ್ರಟಿಕ್ ಪಕ್ಷದ ಗ್ರೆಗ್ ಲ್ಯಾಂಡ್ಸ್‌ಮನ್ ಗೆದ್ದರು. ನಿಯಮ ಖಚಿತವಾಗಿದ್ದ ಕಡೆ ಅದು ಕೆಲಸ ಮಾಡಿತು.

ಹದಿನೈದು ಜನರ ಆಯೋಗ

ನಿವೃತ್ತರಾದ ಓಕಾನರ್ ಮುಂದಿನ ಪ್ರಯತ್ನದ ಮುಂಚೂಣಿಯಲ್ಲಿ ನಿಂತರು. ‘ಸಿಟಿಜನ್ಸ್ ನಾಟ್ ಪೊಲಿಟಿಶಿಯನ್ಸ್’ ಎಂಬ ಸಂಘಟನೆ ಸಹಿ ಸಂಗ್ರಹಕ್ಕೆ ಇಳಿಯಿತು. ಬೇಕಿದ್ದದ್ದು 4.13 ಲಕ್ಷ ಸಹಿ. 2024ರ ಜುಲೈಯಲ್ಲಿ 7 ಲಕ್ಷಕ್ಕೂ ಹೆಚ್ಚು ಸಹಿಗಳ ಪೆಟ್ಟಿಗೆಗಳು ಕೊಲಂಬಸ್ ತಲುಪಿದವು. ಪರಿಶೀಲನೆಯಲ್ಲಿ 5.35 ಲಕ್ಷ ಸಿಂಧುವಾದವು.

ಪ್ರಸ್ತಾವ ಹೀಗಿತ್ತು. ಹದಿನೈದು ಜನ ನಾಗರಿಕರ ಆಯೋಗ: ಐವರು ರಿಪಬ್ಲಿಕನ್, ಐವರು ಡೆಮಾಕ್ರಟಿಕ್, ಐವರು ಯಾವ ಪಕ್ಷಕ್ಕೂ ಸೇರದವರು. ಹಾಲಿ ಮತ್ತು ಮಾಜಿ ರಾಜಕಾರಣಿಗಳು, ಪಕ್ಷದ ಪದಾಧಿಕಾರಿಗಳು, ಲಾಬಿ ಮಾಡುವವರಿಗೆ ಪ್ರವೇಶವಿಲ್ಲ. ಅರ್ಜಿದಾರರನ್ನು ಸೋಸುವುದು ನಿವೃತ್ತ ನ್ಯಾಯಾಧೀಶರ ಸಮಿತಿ. ನಕ್ಷೆ ಪಾಸಾಗಲು ಒಂಬತ್ತು ಮತ ಬೇಕು, ಅದರಲ್ಲಿ ಮೂರೂ ಗುಂಪಿನಿಂದ ಕನಿಷ್ಠ ಇಬ್ಬಿಬ್ಬರ ಒಪ್ಪಿಗೆ ಇರಬೇಕು. ಒಟ್ಟು ಸ್ಥಾನಗಳ ಹಂಚಿಕೆ ರಾಜ್ಯದ ಜನ ಹಿಂದಿನ ಚುನಾವಣೆಗಳಲ್ಲಿ ಪಕ್ಷಗಳಿಗೆ ಕೊಟ್ಟ ಒಲವಿಗೆ ಹತ್ತಿರವಾಗಿರಬೇಕು.

ವಿರೋಧಕ್ಕೆ ಹುರುಳಿರಲಿಲ್ಲ ಎನ್ನುವಂತಿಲ್ಲ. ಈ ಹದಿನೈದು ಮಂದಿಯನ್ನು ಆರಿಸುವವರು ಮತದಾರರಲ್ಲ, ಕೆಲಸ ಕೆಟ್ಟರೆ ಮತದಾರರು ಅವರನ್ನು ಕಿತ್ತುಹಾಕುವಂತೆಯೂ ಇಲ್ಲ. ಗವರ್ನರ್ ಮೈಕ್ ಡಿವೈನ್ ಎತ್ತಿದ ಆಕ್ಷೇಪ ಇನ್ನೂ ಆಳದ್ದು: ಡೆಮಾಕ್ರಟರು ನಗರಗಳಲ್ಲಿ ಕಿಕ್ಕಿರಿದಿದ್ದಾರೆ, ರಿಪಬ್ಲಿಕನ್ನರು ಹಳ್ಳಿಗಳಲ್ಲಿ ಹರಡಿದ್ದಾರೆ. ಮತಪ್ರಮಾಣಕ್ಕೆ ಸ್ಥಾನಗಳನ್ನು ಹೊಂದಿಸಲೇಬೇಕೆಂದರೆ ನಗರಗಳನ್ನು ಸೀಳಿ ಹೊರಗಿನ ಹೊಲಗಳ ಜೊತೆ ಉದ್ದುದ್ದ ಕ್ಷೇತ್ರ ಹೆಣೆಯಬೇಕಾಗುತ್ತದೆ. ಅದರ ಬದಲು, ಪಕ್ಷದ ಲೆಕ್ಕಾಚಾರವನ್ನು ನೋಡದೆಯೇ ಸರ್ಕಾರಿ ಸಿಬ್ಬಂದಿ ಗೆರೆ ಎಳೆಯುವ ಅಯೋವಾ ರಾಜ್ಯದ ಪದ್ಧತಿ ವಾಸಿ ಎಂಬುದು ಅವರ ವಾದ. ನಿಜ, ಮೂರು ಆಸೆಗಳು ಇಲ್ಲಿ ಒಂದಕ್ಕೊಂದು ತಾಗುತ್ತವೆ. ಊರು ಒಡೆಯಬಾರದು, ಆಕಾರ ಅಂದವಾಗಿರಬೇಕು, ಫಲಿತಾಂಶ ಮತಪ್ರಮಾಣಕ್ಕೆ ಹೊಂದಬೇಕು. ಮೂರನ್ನೂ ಪೂರ್ತಿ ಪಡೆಯುವ ನಕ್ಷೆ ಇಲ್ಲ. ಯಾವುದನ್ನು ಎಷ್ಟು ಬಿಡಬಹುದು ಎಂಬುದನ್ನು ಮತದಾರ ತನ್ನೊಳಗೆ ತೀರ್ಮಾನಿಸಿಕೊಳ್ಳಬೇಕು.

ಮತಪತ್ರದ ಮಾತು ಬರೆದವರು

ಅಂಥ ಪ್ರಾಮಾಣಿಕ ಚರ್ಚೆಗೆ ಮತಪತ್ರವೇ ಅಡ್ಡಿಯಾಯಿತು. ತಿದ್ದುಪಡಿಯ ಪೂರ್ತಿ ಪಠ್ಯ ಹಲವು ಪುಟದ್ದಾದ್ದರಿಂದ ಮತಪತ್ರದಲ್ಲಿ ಅದರ ಸಾರಾಂಶ ಅಚ್ಚಾಗುತ್ತದೆ. ಒಹಾಯೊದಲ್ಲಿ ಆ ಸಾರಾಂಶವನ್ನು ಒಪ್ಪುವುದು ಬ್ಯಾಲಟ್ ಬೋರ್ಡ್. ಅದರ ಅಧ್ಯಕ್ಷ ಸೆಕ್ರೆಟರಿ ಆಫ್ ಸ್ಟೇಟ್ ಫ್ರ್ಯಾಂಕ್ ಲರೋಸ್. ಬದಲಾಗಬೇಕೆಂದು ಜನ ಕೇಳುತ್ತಿದ್ದ ಅದೇ ಆಯೋಗದ ಸದಸ್ಯರೂ ಅವರೇ ಆಗಿದ್ದರು.

ಬೋರ್ಡ್ ಒಪ್ಪಿದ ಸಾರಾಂಶ, ಈ ತಿದ್ದುಪಡಿ ಜೆರಿಮ್ಯಾಂಡರಿಂಗ್ ವಿರುದ್ಧದ ಈಗಿನ ರಕ್ಷಣೆಗಳನ್ನು ರದ್ದು ಮಾಡುತ್ತದೆ ಎಂದಿತು. ಹೊಸ ಆಯೋಗ ಜೆರಿಮ್ಯಾಂಡರಿಂಗ್ ಮಾಡಲೇಬೇಕು ಎಂದೂ ಹೇಳಿತು. ತಿದ್ದುಪಡಿಯ ಪಠ್ಯದಲ್ಲೋ, ಯಾವುದೇ ಪಕ್ಷಕ್ಕೆ ಅನುಕೂಲವಾಗುವ ನಕ್ಷೆಯನ್ನು ನಿಷೇಧಿಸುತ್ತೇವೆ ಎಂದೇ ಬರೆದಿತ್ತು. ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಓಕಾನರ್ ಇಲ್ಲದ ಹೊಸ ಪೀಠ ನಾಲ್ಕು–ಮೂರರ ಬಹುಮತದಲ್ಲಿ, ಎರಡು ಭಾಗಗಳನ್ನಷ್ಟೇ ತಿದ್ದಲು ಹೇಳಿ ಉಳಿದದ್ದನ್ನು ಹಾಗೆಯೇ ಬಿಟ್ಟಿತು.

ತಿದ್ದುಪಡಿ ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆ ಮಾತು. ಪ್ರಶ್ನೆ ಕೇಳುವವರು ಪ್ರಶ್ನೆಯನ್ನೇ ಉತ್ತರದ ಕಡೆಗೆ ಬಾಗಿಸಿ ಮುದ್ರಿಸುವುದು ಮತದಾರನಿಗೆ ಮಾಡುವ ಅನ್ಯಾಯ. ‘ಹೌದು’ ಎನ್ನಬೇಕೆಂದು ಹೊರಟವರು ಮತಪತ್ರ ಓದಿ ‘ಇಲ್ಲ’ ಎಂದು ಗುರುತು ಹಾಕಿ ಬಂದ ವರದಿಗಳು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದವು. ಇಶ್ಯೂ 1ಕ್ಕೆ ಸುಮಾರು ಶೇ 54ರಷ್ಟು ಮಂದಿ ‘ಇಲ್ಲ’ ಎಂದರು. ಗೊಂದಲದಿಂದ ಬಿದ್ದ ಮತಗಳೆಷ್ಟು, ನಿಜವಾಗಿ ಬೇಡವೆಂದು ಬಿದ್ದವೆಷ್ಟು ಎಂದು ಬೇರ್ಪಡಿಸುವ ಜರಡಿ ಇಲ್ಲ.

ಪಕ್ಕದ ಮಿಷಿಗನ್, ಚಿಕ್ಕೋಡಿಯಲ್ಲಿ ಹುಟ್ಟಿದ ಸಂಸದ

ಒಹಾಯೊದ ಉತ್ತರಕ್ಕೆ ಗಡಿ ದಾಟಿದರೆ ಮಿಷಿಗನ್. ಅಲ್ಲಿ 2016ರ ಚುನಾವಣೆ ಮುಗಿದೊಡನೆ ಕೇಟಿ ಫೇಹಿ ಎಂಬ ಯುವತಿ ಜೆರಿಮ್ಯಾಂಡರಿಂಗ್ ವಿರುದ್ಧ ಕೆಲಸ ಮಾಡಲು ಯಾರು ಬರುತ್ತೀರಿ ಎಂದು ಫೇಸ್‌ಬುಕ್‌ನಲ್ಲಿ ಕೇಳಿದರು. ಅದೇ ಚಳವಳಿಯಾಗಿ ಬೆಳೆದು 2018ರಲ್ಲಿ ಶೇ 61ರಷ್ಟು ಮತದೊಂದಿಗೆ ಸಂವಿಧಾನ ತಿದ್ದುಪಡಿಯಾಯಿತು. ಅರ್ಜಿ ಹಾಕಿದ ಸಾಮಾನ್ಯ ನಾಗರಿಕರಿಂದ ಚೀಟಿ ಎತ್ತಿದ ಹಾಗೆ ಹದಿಮೂರು ಜನರನ್ನು ಆರಿಸಿ ಅವರ ಕೈಗೆ ನಕ್ಷೆ ಕೊಟ್ಟರು.

ಆ ನಕ್ಷೆಯಡಿ 2022ರಲ್ಲಿ ಮೊದಲ ಚುನಾವಣೆ ನಡೆಯಿತು. ಡೆಟ್ರಾಯಿಟ್ ಸುತ್ತಲಿನ 13ನೇ ಕ್ಷೇತ್ರದಿಂದ ಸಂಸತ್ತಿಗೆ ಹೋದವರು ಶ್ರೀ ಥಾಣೇದಾರ್. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ರಸಾಯನಶಾಸ್ತ್ರ ಓದಲು ಅಮೆರಿಕಕ್ಕೆ ಹೋದವರು. ರಾಜ್ಯದ ಶಾಸನಸಭೆಯ ಎರಡೂ ಮನೆಗಳು ಸುಮಾರು ನಾಲ್ಕು ದಶಕದ ನಂತರ ಡೆಮಾಕ್ರಟರ ಕೈಗೆ ಬಂದವು.

ಆದರೆ ಪಕ್ಕದ ಪುಟವನ್ನೂ ಓದಬೇಕು. ಕಪ್ಪು ಜನರೇ ಬಹುಸಂಖ್ಯಾತರಾದ ಡೆಟ್ರಾಯಿಟ್‌ನಿಂದ ಸುಮಾರು ಏಳು ದಶಕಗಳಲ್ಲಿ ಮೊದಲ ಬಾರಿಗೆ ಸಂಸತ್ತಿನಲ್ಲಿ ಕಪ್ಪು ಸದಸ್ಯರಿಲ್ಲದಂತಾಯಿತು. ಶಾಸನಸಭೆಯ ನಕ್ಷೆಯಲ್ಲಿ ಡೆಟ್ರಾಯಿಟ್ ಸುತ್ತಲಿನ 13 ಕ್ಷೇತ್ರಗಳನ್ನು ಜನಾಂಗದ ಲೆಕ್ಕದಲ್ಲಿ ಎಳೆಯಲಾಗಿದೆ, ಅದು ಸಂವಿಧಾನಬಾಹಿರ ಎಂದು 2023ರ ಡಿಸೆಂಬರಿನಲ್ಲಿ ಮೂವರು ಕೇಂದ್ರ ನ್ಯಾಯಾಧೀಶರು ತೀರ್ಪಿತ್ತರು. ನಾಗರಿಕರ ಕೈಗೆ ಬಂದ ಪೆನ್ಸಿಲೂ ತಪ್ಪು ಗೆರೆ ಎಳೆಯಬಲ್ಲದು. ವ್ಯತ್ಯಾಸವೆಂದರೆ ಅವರ ಸಭೆಗಳು ಬಹುತೇಕ ಬಾಗಿಲು ತೆರೆದು ನಡೆದಿದ್ದವು, ಆಡಿದ ಮಾತು ದಾಖಲಾಗಿತ್ತು. ತಪ್ಪು ಹಿಡಿಯಲು ನ್ಯಾಯಾಲಯಕ್ಕೆ ನೆರವಾದದ್ದು ಆ ದಾಖಲೆಗಳೇ. ಬಂಕರ್‌ನಲ್ಲಿ ಆಡಿದ ಮಾತಿಗೆ ಅಂಥ ಸಾಕ್ಷಿ ಇರುವುದಿಲ್ಲ.

ಕ್ಯಾಲಿಫೋರ್ನಿಯಾ ತಿರುಗಿ ನಿಂತಾಗ

ಕ್ಯಾಲಿಫೋರ್ನಿಯಾದಲ್ಲಿ ಪ್ರಶ್ನೆ ಇನ್ನೂ ಕಠಿಣ ರೂಪದಲ್ಲಿ ಬಂತು. 2008 ಮತ್ತು 2010ರ ಮತಗಳಿಂದ ಅಲ್ಲಿ 14 ನಾಗರಿಕರ ಆಯೋಗ ರೂಪುಗೊಂಡಿತ್ತು, ಅದಕ್ಕೆ ಒಳ್ಳೆಯ ಹೆಸರೂ ಇತ್ತು. 2025ರ ಬೇಸಿಗೆಯಲ್ಲಿ ಟೆಕ್ಸಾಸ್, ಜನಗಣತಿಗೂ ಕಾಯದೆ ನಡುಮಧ್ಯೆ ನಕ್ಷೆ ತಿದ್ದಿ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚಿಸಿಕೊಳ್ಳಲು ಹೊರಟಿತು. ಉತ್ತರವಾಗಿ ಕ್ಯಾಲಿಫೋರ್ನಿಯಾದ ಡೆಮಾಕ್ರಟರು, 2030ರವರೆಗೆ ಆಯೋಗದ ಸಂಸತ್ ನಕ್ಷೆಯನ್ನು ಬದಿಗಿಟ್ಟು ತಮ್ಮ ನಕ್ಷೆ ಬಳಸಲು ಜನರ ಅಪ್ಪಣೆ ಕೇಳಿದರು. ಅದೇ ಪ್ರಾಪೊಸಿಷನ್ 50.

ಅಲ್ಲಿ ನೋಂದಾಯಿತ ಮತದಾರರಿಗೆಲ್ಲ ಮತಪತ್ರ ಅಂಚೆಯಲ್ಲೇ ಬರುತ್ತದೆ. ಫ್ರೀಮಾಂಟ್, ಸನಿವೇಲ್‌ಗಳಲ್ಲಿ ನೆಲೆಸಿ ಅಮೆರಿಕದ ಪೌರರಾದ ಕನ್ನಡಿಗರ ಮನೆಗಳಿಗೂ ಆ ಲಕೋಟೆ ಬಂದಿತ್ತು. ಸುಧಾರಣೆಯನ್ನು ನಂಬಿದವರಿಗೆ ಇದು ನಿಜವಾದ ಸಂಕಟ. ತಾವೇ ಕಟ್ಟಿದ ಬೇಲಿಯನ್ನು, ಆಚೆ ಮನೆಯವ ಬೇಲಿ ಮುರಿದನೆಂದು ತಾವೂ ಕೆಲಕಾಲ ಸರಿಸಬಹುದೇ? 2025ರ ನವೆಂಬರ್ 4ರಂದು ಸುಮಾರು ಶೇ 64ರಷ್ಟು ಮಂದಿ ‘ಸರಿಸಬಹುದು’ ಎಂದರು. ಅವರ ಆತಂಕ ಅರ್ಥವಾಗುವಂಥದ್ದು. ಆದರೂ ಈ ದಾರಿಯಲ್ಲಿ ಟೆಕ್ಸಾಸ್‌ನ ಡೆಮಾಕ್ರಟನೂ ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ನನೂ ಒಂದೇ ನಷ್ಟ ಅನುಭವಿಸುತ್ತಾರೆ ಎಂಬುದನ್ನು ಮರೆಯಲಾಗದು.

ಗುರುತು ಹಾಕುವ ಮುನ್ನ

ಹೀಗಿರುವಾಗ ಮತದಾರ ಏನನ್ನು ನೋಡಬೇಕು? ಫಲಕಗಳನ್ನಂತೂ ಅಲ್ಲ. ಮೊದಲು ನೋಡಬೇಕಾದ್ದು ಪೆನ್ಸಿಲ್ ಯಾರ ಕೈಗೆ ಹೋಗುತ್ತದೆ ಮತ್ತು ಆ ಕೈಯನ್ನು ಆರಿಸುವವರು ಯಾರು ಎಂಬುದನ್ನು. ಒಹಾಯೊದ 2018ರ ಸುಧಾರಣೆಯನ್ನು ಈ ಒಂದು ಪ್ರಶ್ನೆಯಿಂದ ತೂಗಿದ್ದರೆ ಅದರ ಕೊರತೆ ಆಗಲೇ ಕಾಣುತ್ತಿತ್ತು. ಮತಪತ್ರದ ಸಾರಾಂಶವನ್ನು ಬರೆದವರಿಗೆ ಫಲಿತಾಂಶದಲ್ಲಿ ಪಾಲಿದೆಯೇ ಎಂದು ವಿಚಾರಿಸಿ, ಮನೆಯಲ್ಲೇ ಕೂತು ಪೂರ್ತಿ ಪಠ್ಯ ಓದುವುದು ಒಳ್ಳೆಯದು. ಮತಗಟ್ಟೆಯಲ್ಲಿ ಅದಕ್ಕೆ ಪುರುಸೊತ್ತಿಲ್ಲ.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಒಪ್ಪಂದ ಮುರಿದುಬಿದ್ದರೆ ಮುಂದೇನು? ಹದಿನೈದು ಜನ ಜಗಳವಾಡಿ ಎದ್ದುಹೋದರೆ ನಕ್ಷೆ ಯಾರು ಮಾಡುತ್ತಾರೆ, ನ್ಯಾಯಾಲಯಕ್ಕೆ ಎಷ್ಟು ಅಧಿಕಾರ? ಕಾನೂನಿನ ಬಲ ಗೊತ್ತಾಗುವುದು ಎಲ್ಲರೂ ಒಪ್ಪಿದ ದಿನದಲ್ಲಲ್ಲ, ಯಾರೂ ಒಪ್ಪದ ದಿನದಲ್ಲಿ. ಕೊನೆಗೆ ತನ್ನ ಪಕ್ಷವನ್ನು ಎದುರಾಳಿಯ ಜಾಗದಲ್ಲಿಟ್ಟು ಅದೇ ನಿಯಮವನ್ನು ಇನ್ನೊಮ್ಮೆ ಓದಬೇಕು. ಆಗಲೂ ಅದು ನ್ಯಾಯವೆನಿಸಿದರೆ ‘ಹೌದು’ ಎನ್ನಲು ಅಂಜಬೇಕಿಲ್ಲ.

ಭಾರತದ ಮತದಾರನಿಗೆ ಈ ಪ್ರಶ್ನೆ ಮತಪತ್ರದಲ್ಲಿ ಎಂದೂ ಬಂದಿಲ್ಲ. ಇಲ್ಲಿ ಗೆರೆ ಎಳೆಯುವುದು ಸಂಸತ್ತಿನ ಕಾನೂನಿನಂತೆ ರಚನೆಯಾಗುವ ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. ಕಳೆದ ಬಾರಿಯ ದೇಶವ್ಯಾಪಿ ಪುನರ್‌ವಿಂಗಡಣೆ ಜಾರಿಯಾದ ಮೇಲೆ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲೇ, 2008ರ ಮೇನಲ್ಲಿ. ಕನಕಪುರ ಲೋಕಸಭಾ ಕ್ಷೇತ್ರ ಮಾಯವಾಗಿ ಬೆಂಗಳೂರು ಗ್ರಾಮಾಂತರ ಬಂದದ್ದೂ, ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಚಿಕ್ಕೋಡಿ ಸಾಮಾನ್ಯ ಕ್ಷೇತ್ರವಾದದ್ದೂ ಆಗಲೇ. ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆ ಮಾತ್ರ 1971ರ ಜನಗಣತಿಗೆ ನಿಂತಿತು. 2026ರ ನಂತರದ ಮೊದಲ ಜನಗಣತಿವರೆಗೆ ಅದನ್ನು ಮುಟ್ಟಬಾರದೆಂದು 2001ರ 84ನೇ ತಿದ್ದುಪಡಿ ಹೇಳಿತು. ಕರ್ನಾಟಕದ 28 ಸ್ಥಾನಗಳ ಪಾಲು ತಗ್ಗೀತೇ ಎಂಬ ದಕ್ಷಿಣದ ಆತಂಕಕ್ಕೆ ಮೂಲ ಇಲ್ಲಿದೆ.

ಒಹಾಯೊದಲ್ಲಿ ‘ಇಲ್ಲ’ ಗೆದ್ದ ಮೇಲೆ ಹಳೆಯ ಏಳು ಜನರ ಆಯೋಗವೇ ಉಳಿಯಿತು. ನಾಲ್ಕು ವರ್ಷದ ನಕ್ಷೆಯ ಅವಧಿ ತೀರಿದ್ದರಿಂದ 2025ರ ಅಕ್ಟೋಬರ್ 31ರಂದು ಅದು ಹೊಸ ಸಂಸತ್ ನಕ್ಷೆಯನ್ನು ಒಪ್ಪಿತು, ಈ ಬಾರಿ ಎರಡೂ ಪಕ್ಷದವರ ಸರ್ವಾನುಮತದಿಂದ. ಇದಕ್ಕಿಂತ ಕೆಟ್ಟ ನಕ್ಷೆ ಶಾಸನಸಭೆಯಿಂದ ಬಂದೀತೆಂಬ ಭಯದಿಂದ ಡೆಮಾಕ್ರಟರು ಕೈಯೆತ್ತಿದರು. ಒಂದಾದ ಸಿನ್ಸಿನಾಟಿಯಿಂದ ಗೆದ್ದಿದ್ದ ಲ್ಯಾಂಡ್ಸ್‌ಮನ್‌ರ ಕ್ಷೇತ್ರ, ಸರೋವರದ ಹಾವಿನಲ್ಲೂ ಉಳಿದುಕೊಂಡಿದ್ದ ಕ್ಯಾಪ್ಟರ್‌ರ ಕ್ಷೇತ್ರ, ಎರಡೂ ರಿಪಬ್ಲಿಕನ್ನರ ಕಡೆಗೆ ವಾಲಿದವು. ಅಂಗಳದಲ್ಲಿ ‘ಹೌದು’ ನೆಟ್ಟವರು, ‘ಬೇಡ’ ನೆಟ್ಟವರು ಇಬ್ಬರೂ 2026, 2028 ಮತ್ತು 2030ರ ಸಂಸತ್ ಚುನಾವಣೆಗಳಲ್ಲಿ ಮತ ಹಾಕುವುದು ಇದೇ ನಕ್ಷೆಯೊಳಗೆ.